ಹ್ಯಾಲಿವೆಲ್ ದೊರೆಯ ಹನ್ನೊಂದನೇ ಪುಸ್ತಕ

೧೮೭೧ರ ಮಾರ್ಚ್ ೧೪, ಮಂಗಳವಾರ. ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ನ್ಯಾಯಾಧೀಶ ಎಡ್ಮಂಡ್ ಹ್ಯಾಲಿವೆಲ್ ಅವರ ಅಡುಗೆಯವನು ಕರೋಲಿಸ್, ದೊರೆಯೇ ಬರೆದ ಚೀಟಿ ಹಿಡಿದು ಗಾಲೆ ಕೋಟೆಯ ಪೊಲೀಸ್ ಠಾಣೆಗೆ ಏದುಸಿರು ಬಿಡುತ್ತ ಬಂದ. ಇನ್ಸ್‌ಪೆಕ್ಟರ್ ವಿಲೆಮ್ ಜಾನ್ಸ್ ಅದನ್ನು ಎರಡು ಸಲ ಓದಿದರು.

"ಬರೀ ಒಂದು ಪುಸ್ತಕವಾ?"

"ಒಂದೇ ಸ್ವಾಮಿ. ದೊರೆ ರಾತ್ರಿಯೂಟ ಬಿಟ್ಟಿದ್ರೂ ಇಷ್ಟು ಸಪ್ಪಗಾಗ್ತಿರಲಿಲ್ಲ."

ದೂರನ್ನು ದಾಖಲಿಸಿ, ಕಾನ್‌ಸ್ಟೇಬಲ್ ತುವಾನ್ ಸಲ್ದೀನನನ್ನು ಕರೆದುಕೊಂಡು ಜಾನ್ಸ್ ಹೊರಟರು. ದೀಪಸ್ತಂಭದ ಬೀದಿಯ ಆ ಮನೆಯನ್ನು ಊರೆಲ್ಲ ಬಲ್ಲದು. ನ್ಯಾಯಾಧೀಶರು ಹಗಲು ಪೀಠದಲ್ಲಿ ಕೂತು ಶಿಕ್ಷೆ ಬರೆಯುತ್ತಾರೆ, ಸಂಜೆ ಮೊಣಕಾಲುದ್ದ ನೀರಲ್ಲಿ ನಿಂತು ಕಡಲಹುಳ ಹಿಡಿಯುತ್ತಾರೆ ಎಂದು ಮೀನುಪೇಟೆಯಲ್ಲಿ ನಗುತ್ತಿದ್ದರು.

ಒಳಗೆ ಕಾಲಿಟ್ಟ ಜಾನ್ಸ್‌ಗೆ ನಗು ಬರಲಿಲ್ಲ. ಕೋಣೆಯ ಒಂದು ಗೋಡೆಗೆ ಗಾಜಿನ ಸೀಸೆಗಳು. ಇನ್ನೊಂದಕ್ಕೆ ಮೂರು ಸಾಲು ಕಪಾಟು. ಅದರಲ್ಲಿ ದೊರೆಯ ಕೈಬರಹದ, ಒಂದೇ ಕಂದು ಚರ್ಮದ ಹೊದಿಕೆಯ ಹದಿನೇಳು ಪುಸ್ತಕಗಳು. ತನಿಖೆಗೆಂದು ಒಂದೊಂದನ್ನೇ ತೆರೆದರು. ಹತ್ತೊಂಬತ್ತು ವರ್ಷ ಒಂದು ದಿನವೂ ಬಿಡದೆ ಬರೆದ ಭರತ ಇಳಿತದ ಲೆಕ್ಕ. ಗುರು ಗ್ರಹದ ಉಪಗ್ರಹಗಳ ಸ್ಥಾನ. ಜೇಡಗಳ ಎಂಟೆಂಟು ಕಣ್ಣುಗಳು, ಬಣ್ಣ ಹಾಕಿ. ಒಬ್ಬ ಮನುಷ್ಯನ ಆಯುಸ್ಸಿಗೆ ಇಷ್ಟು ನೋಡಲು ಸಮಯ ಎಲ್ಲಿಂದ ಬಂತು ಎಂದು ಜಾನ್ಸ್ ಸುಮ್ಮನೆ ನಿಂತುಬಿಟ್ಟರು. ಮೂರನೇ ಸಾಲಿನ ಎಡತುದಿಯಲ್ಲಿ ಒಂದು ಪುಸ್ತಕದಷ್ಟು ಜಾಗ ಖಾಲಿ ಇತ್ತು.

"ಹನ್ನೊಂದನೆಯದು," ಎಂದರು ಹ್ಯಾಲಿವೆಲ್. ತೆಳ್ಳನೆಯ ಮನುಷ್ಯ, ಅರವತ್ತು ದಾಟಿತ್ತು. "ಬಲೆ ಎಳೆಯುವವರು ಹಾಡುವ ಪದಗಳು. ಶುಕ್ರವಾರದ ಹಡಗಿಗೆ ಲಂಡನ್ನಿಗೆ ಹೋಗಬೇಕಿತ್ತು, ಅಚ್ಚಿಗೆ."

"ಕೊನೆಗೆ ನೋಡಿದ್ದು ಯಾವಾಗ ದೊರೆ?"

"ನಿನ್ನೆ ಬೆಳಿಗ್ಗೆ, ಕೋರ್ಟಿಗೆ ಹೋಗುವ ಮುಂಚೆ."

"ಪದ ಹೇಳಿದ್ದು ಯಾರು?"

"ಅಂದಿರಿಸ್ ಅಂತ ಒಬ್ಬ ಬೆಸ್ತ. ನವೆಂಬರಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಶಿಕ್ಷೆ ಕೊಟ್ಟವನು ನಾನೇ. ಜೈಲಿನಲ್ಲಿ ಹಾಡುತ್ತಾನೆಂದು ಕೇಳಿ ಆರು ದಿನ ಹೋಗಿ ಕೂತೆ. ನೂರಾ ನಲವತ್ತು ಪದ, ಇನ್ಸ್‌ಪೆಕ್ಟರ್. ಅಂಥದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ."

ಬೆಳ್ಳಿಯ ಮಸಿದಾನಿ ಮೇಜಿನ ಮೇಲೇ ಇತ್ತು. ಸೂಕ್ಷ್ಮದರ್ಶಕವೂ ಇತ್ತು. ಕಳ್ಳ ಬೇರೇನನ್ನೂ ಮುಟ್ಟಿರಲಿಲ್ಲ, ಬೇರೆ ಪುಸ್ತಕ ಹುಡುಕಿಯೂ ಇರಲಿಲ್ಲ.

"ಸಾಹೇಬ್ರೆ, ಇಲ್ಲೇನೋ ಅಂಟಿದೆ," ಎಂದ ಸಲ್ದೀನ್. ಖಾಲಿ ಜಾಗದ ಅಂಚಿನಲ್ಲಿ ಉಗುರಿನಷ್ಟು ಚಿಕ್ಕ, ಒಣಗಿದ ಮೀನಿನ ಹುರುಪೆ.

ಹ್ಯಾಲಿವೆಲ್ ಅದನ್ನು ಚಿಮಟದಲ್ಲಿ ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ನೋಡಿದರು. ಇನ್ನೊಂದು ಪುಸ್ತಕ ತೆಗೆದು ತಾವೇ ಬಿಡಿಸಿದ್ದ ಇನ್ನೂರು ಹುರುಪೆಗಳ ಚಿತ್ರಗಳಲ್ಲಿ ಬೆರಳಾಡಿಸಿದರು. "ಪರವ್ ಮೀನು. ನೀವೂ ನೋಡಿ."

ಜಾನ್ಸ್ ಕಣ್ಣಿಟ್ಟರು. ಮರ ಕಡಿದಾಗ ಕಾಣುವಂಥ ಸುತ್ತುಗಳು, ಒಂದರೊಳಗೊಂದು, ಬೆಳ್ಳಗೆ ಹೊಳೆಯುತ್ತ. ಹುಟ್ಟಿದಾಗಿನಿಂದ ಮೀನು ತಿಂದವರು ಅವರು. ಎಷ್ಟು ಸಾವಿರ ಹುರುಪೆಗಳನ್ನು ಮನೆಯವರು ಹಿತ್ತಲಿಗೆ ಚೆಲ್ಲಿದ್ದರೋ. ಕಣ್ಣು ತೆಗೆಯಲು ಅವರಿಗೆ ಮನಸ್ಸಾಗಲಿಲ್ಲ.

೧೦.೧೫ಕ್ಕೆ ಮಹಜರು ಮುಗಿಯಿತು. ಕರೋಲಿಸನ ವಿಚಾರಣೆ ಅಡುಗೆಮನೆಯಲ್ಲಿ.

"ನಿನ್ನೆ ಪರವ್ ಮೀನು ತಂದಿದ್ಯಾ?"

"ಇಲ್ಲ ಸ್ವಾಮಿ. ಸೋಮವಾರ ಕೋಳಿ."

"ಮೀನು ಮಾರೋರು ಯಾರಾದ್ರೂ ಬಂದಿದ್ರಾ?"

"ಲೈಸಹಾಮಿ ಬಂದಿದ್ಲು, ಮಧ್ಯಾಹ್ನ. ಬೇಡ ಅಂದೆ. ನೀರು ಕೇಳಿದ್ಲು, ಸೇದೋಕೆ ಬಾವಿಗೆ ಹೋದೆ."

"ದೊರೆಯ ಕೋಣೆ ಅವಳಿಗೆ ಗೊತ್ತಾ?"

"ಗೊತ್ತಿಲ್ದೆ ಏನು? ದೊರೆಗೆ ಹಳೇ ಮಾತು ಅರ್ಥ ಆಗ್ಲಿಲ್ಲ ಅಂತ ನಾನೇ ಅವಳನ್ನ ಕರೆಸಿದ್ದು. ಮೂರು ಗುರುವಾರ ಅಲ್ಲೇ ನೆಲದ ಮೇಲೆ ಕೂತು ಒಂದೊಂದು ಪದಕ್ಕೂ ಅರ್ಥ ಹೇಳಿದ್ಲು. ದೊರೆ ಕಪಾಟಿಂದ ತೆಗೆದು ಓದೋರು, ಇವಳು ಹೇಳೋಳು." ಕರೋಲಿಸ್ ತಲೆ ಕೆರೆದುಕೊಂಡ. "ಕಾಸು ಕೊಟ್ರೆ ಮಾತ್ರ ತಗೊಳ್ಳಲಿಲ್ಲ."

ಮಧ್ಯಾಹ್ನ ಒಂದಕ್ಕೆ ಪೊಲೀಸರ ಎತ್ತಿನ ಗಾಡಿ ಬೆಸ್ತರ ಹಳ್ಳಿ ಗಿಂತೊಟ ತಲುಪಿತು. ಲೈಸಹಾಮಿಯ ಗುಡಿಸಲು ಕಡಲಿಗೆ ಮುಖ ಮಾಡಿತ್ತು. ಅರವತ್ತರ ಹತ್ತಿರದ ಹೆಂಗಸು, ಮೀನಿಗೆ ಉಪ್ಪು ಸವರುತ್ತ ಕೂತಿದ್ದಳು. ಪೊಲೀಸರನ್ನು ನೋಡಿ ಕೈ ತೊಳೆದುಕೊಂಡಳು.

"ಪುಸ್ತಕಕ್ಕೆ ಬಂದ್ರಾ ಮಹತ್ತಯಾ? ಒಳಗಿದೆ. ಮಗಾ, ನೀನು ಕೈ ಒರೆಸ್ಕೊಂಡು ಮುಟ್ಟು," ಎಂದಳು ಸಲ್ದೀನನಿಗೆ.

ಭತ್ತದ ಪೆಟ್ಟಿಗೆಯಲ್ಲಿ, ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಜಾನ್ಸ್ ಹಾಳೆ ತಿರುವಿದರು. ಎಲ್ಲ ಸರಿಯಿತ್ತು, ಮೊದಲ ಹಾಳೆ ಮಾತ್ರ ಬುಡದಿಂದ ನೀಟಾಗಿ ಕತ್ತರಿಸಿಹೋಗಿತ್ತು.

"ಯಾಕೆ ತಗೊಂಡೆ ಅಮ್ಮ?"

"ಆ ಹಾಳೆಗೆ."

"ಓದೋಕೆ ಬರುತ್ತಾ?"

"ಬರಲ್ಲ. ಶಾಲೆಯ ಬಸ್ತಿಯಾನ್ ಮೇಷ್ಟ್ರು ಬೆರಳಿಟ್ಟು ತೋರಿಸಿದ್ರು. ಎಲ್ಲಿಂದ ತಂದೆ ಅಂತ ಅವರಿಗೆ ಹೇಳ್ಲಿಲ್ಲ, ಅವರನ್ನ ಎಳೀಬೇಡಿ."

"ಅದರಲ್ಲಿ ಏನಿತ್ತು?"

"ಕೊನೇ ಗುರುವಾರ ದೊರೆ ಖುಷಿಯಲ್ಲಿ ಓದಿ ಹೇಳಿದ್ರು. 'ಒಬ್ಬ ಕೊಲೆಗಾರನ ಪದಗಳು.' ಪುಸ್ತಕದ ಹೆಸರು ಅದಂತೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಂದಿರಿಸ್ ನನ್ನ ಮಗ."

ಸಲ್ದೀನ್ ಬರೆಯುವುದನ್ನು ನಿಲ್ಲಿಸಿದ.

"ಮತ್ತೆ ಆ ಮನೆಗೇ ಹೋಗಿ ಕೂತ್ಯಲ್ಲ?" ಎಂದರು ಜಾನ್ಸ್. "ಶಿಕ್ಷೆ ಕೊಟ್ಟವರು ಅವರೇ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಮೊದಲನೇ ದಿನ ಮುಖಕ್ಕೆ ಉಗಿದು ಬರ್ಬೇಕು ಅಂತಲೇ ಹೋದೆ. ಅವರು ಓದೋಕೆ ಶುರು ಮಾಡಿದ್ರು. ನನ್ನ ಮಗ ಹಾಡೋವಾಗ ಎಲ್ಲಿ ಉಸಿರು ತಗೋತಿದ್ನೋ ಅಲ್ಲೇ ಅವರೂ ನಿಲ್ಲಿಸಿದ್ರು. ಒಂದೊಂದು ಕಡೆಯೂ. ಅದಕ್ಕೂ ಗುರುತು ಹಾಕ್ಕೊಂಡಿದ್ರಂತೆ ಮಹತ್ತಯಾ, ಚಿಕ್ಕ ಗೀಟು. ಆ ಬಿಳೀ ಮುದುಕನ ಬಾಯಲ್ಲಿ ನನ್ನ ಮಗ ಉಸಿರಾಡ್ತಿದ್ದ. ಎದ್ದು ಬರೋಕಾಗ್ಲಿಲ್ಲ."

"ಕೊಲೆ ಮಾಡಿದ್ದು ಸುಳ್ಳಲ್ಲವಲ್ಲ."

"ಸುಳ್ಳಲ್ಲ. ದೋಣಿ ಜಗಳದಲ್ಲಿ ಕೊಂದ. ಅದು ಒಂದು ಸಂಜೆ. ಹಾಡಿದ್ದು ಇಪ್ಪತ್ತು ವರ್ಷ."

"ಹಾಳೆ ಎಲ್ಲಿ?"

ಅವಳು ಒಲೆಯ ಕಡೆ ನೋಡಿದಳು.

ಅವಳನ್ನು ಬಂಧಿಸಿ ಠಾಣೆಗೆ ತಂದಾಗ ೩.೫೦. ಸುದ್ದಿ ತಿಳಿದು ಹ್ಯಾಲಿವೆಲ್ ನಡೆದೇ ಬಂದರು. ಜಾನ್ಸ್ ನಿಂತುಕೊಂಡೇ ಹೇಳಿಕೆಯನ್ನು ಓದಿ ಹೇಳಿದರು. ದೊರೆ ಪೂರ್ತಿ ಕೇಳಿದರು.

"ಅವನ ತಾಯಿ," ಎಂದರು. "ಮೂರು ಗುರುವಾರ ನನ್ನೆದುರೇ ಕೂತಿದ್ದಳು, ಕಾಣಲಿಲ್ಲ. ಜೇಡನ ಕಣ್ಣು ಎಣಿಸುತ್ತೇನೆ ನಾನು." ಮತ್ತೆ, "ದೂರು ವಾಪಸು ತೆಗೆದುಕೊಳ್ಳುತ್ತೇನೆ."

"ಅದು ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕು ದೊರೆ. ನಾಳೆ ಹತ್ತಕ್ಕೆ. ಕಾನೂನು ನಿಮಗೆ ನಾನು ಹೇಳಬೇಕಾ?"

"ಬೇಡ. ಹೇಳಿದ್ದು ಸರಿ."

ವಶಪಡಿಸಿಕೊಂಡ ವಸ್ತುವಿನ ಪಂಚನಾಮೆ ಬಾಕಿ ಇತ್ತು. ಗುರುತಿಗಾಗಿ, ಉಳಿದ ಪುಟಗಳಲ್ಲಿ ಮೊದಲನೆಯದರ ಸಾಲುಗಳನ್ನು ಓದಿ ಬರೆಸಬೇಕು. ಸಲ್ದೀನ್ ಗಂಟಲು ಸರಿಮಾಡಿಕೊಂಡು, ಸಮನ್ಸ್ ಓದುವ ದನಿಯಲ್ಲಿ ಶುರು ಮಾಡಿದ:

"ಮೇಲೆ ಚುಕ್ಕಿ ಸಾವಿರ, ದಡದಲ್ಲಿ ದೀಪ ಒಂದೇ..."

"ಹಾಗಲ್ಲ ಮಗಾ," ಎಂದಿತು ಲಾಕಪ್ಪಿನ ಕಂಬಿಯ ಆಚೆಯ ದನಿ. "ಅದು ಓದೋದಲ್ಲ."

ಅವಳು ಎದ್ದು ನಿಂತು ಹಾಡಿದಳು. ಮುದಿ ದನಿ, ಅಲ್ಲಲ್ಲಿ ಒಡೆಯುತ್ತಿತ್ತು. ಆದರೆ ಹಗ್ಗ ಎಳೆಯುವ ನೂರು ಕೈಗಳ ಬಲ ಅದರಲ್ಲಿತ್ತು. ಸಾವಿರ ಚುಕ್ಕಿ ಬಿಟ್ಟು ಒಂದು ದೀಪದ ಕಡೆಗೆ ದೋಣಿ ತಿರುಗಿಸುವ ಪದ. ಹೊರಗೆ ಜಗಳವಾಡುತ್ತಿದ್ದ ಗಾಡಿಯವರು ಸುಮ್ಮನಾದರು. ಪಕ್ಕದ ಕೋಣೆಯಲ್ಲಿ ಕುಡಿದು ಬಿದ್ದಿದ್ದ ನಾವಿಕ ಎದ್ದು ಕೂತ. ಜಾನ್ಸ್ ಪೆನ್ನು ಹಿಡಿದ ಕೈಯನ್ನು ಮೇಜಿನ ಮೇಲಿಟ್ಟರು. ಹ್ಯಾಲಿವೆಲ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದರು; ಅವಳು ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ಅವರ ತುಟಿಯೂ ಒಂದು ಗಳಿಗೆ ನಿಲ್ಲುತ್ತಿತ್ತು. ಕಾನೂನು, ಕಂಬಿ, ಯಾವುದೂ ಆ ಹೊತ್ತಿಗೆ ದೊಡ್ಡದಾಗಿ ಕಾಣಲಿಲ್ಲ.

ಹಾಡು ಮುಗಿದ ಮೇಲೆ ಸಲ್ದೀನ್ ಒಂದು ಲೋಟ ನೀರು ಒಯ್ದು ಕೊಟ್ಟ.

ಆ ದಿನದ ಠಾಣೆಯ ದಿನಚರಿಯಲ್ಲಿ ಜಾನ್ಸ್ ಅವರ ಅಕ್ಷರ ಎಂದಿಗಿಂತ ನಿಧಾನವಾಗಿ ಮೂಡಿದೆ. "ಸಂಜೆ ೫.೧೦. ಆರೋಪಿ ತಪ್ಪೊಪ್ಪಿಕೊಂಡಿದ್ದಾಳೆ. ಲಾಭದ ಉದ್ದೇಶ ಕಂಡುಬಂದಿಲ್ಲ. ಮಗನ ಮೇಲಿನ ತೀರ್ಪಿನ ಬಗ್ಗೆ ಆಕೆಯ ತಕರಾರಿಲ್ಲ. ಪುಸ್ತಕದಿಂದ ಒಂದು ಮಾತನ್ನು ಕಳೆಯಲು ಬಯಸಿದಳು. ಯಾವ ಪುಟದಲ್ಲಿದೆ ಎಂದು ತಿಳಿಯದ ಕಾರಣ ಪುಸ್ತಕವನ್ನೇ ಒಯ್ದಳು."