ಕತ್ತರಿಸಿದ ಮೇವು

ಬೆಳಗಿನ ಆರಕ್ಕೆ ದ್ಯಾಮಕ್ಕ ಹಾಲು ಕರೆಯಲು ಚೊಂಬು ಹಿಡಿದು ಬಂದಳು. ಮೂರು ಎಮ್ಮೆಗಳೂ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದ್ದವು.

ಮರಿಯಮ್ಮನಹಳ್ಳಿಯ ಪಶುವೈದ್ಯೆ ಗಂಗಾಂಬಿಕಾ ಬರುವಷ್ಟರಲ್ಲಿ ಜನ ಹುಲ್ಲು ಮಾರುವ ಜಂಬಯ್ಯನನ್ನು ಬೇವಿನ ಮರಕ್ಕೆ ಕಟ್ಟಿದ್ದರು. ಮುದುಕನ ತುಟಿ ಒಡೆದಿತ್ತು. ಹೊಡೆದವಳು ದ್ಯಾಮಕ್ಕನೇ.

“ವಿಷದ ಹುಲ್ಲು ಮಾರ್ಯಾನ್ರಿ ಈ ಹಾಳಾದಾಂವ!”

“ಗೋಮಾಳದ್ದೇ ಹುಲ್ಲು. ಇಪ್ಪತ್ತು ವರ್ಷದಿಂದ ಅದನ್ನೇ ಕೊಡಾಕತ್ತೀನಿ,” ಎಂದ ಜಂಬಯ್ಯ.

ಪಕ್ಕದ ಮನೆಯ ಶಂಭುಲಿಂಗ, ಉಳಿದಿದ್ದ ಹೊರೆಯಿಂದ ವಿಷದ ಗಿಡ ಉಮ್ಮತ್ತಿಯ ದಂಟೊಂದನ್ನು ಎಳೆದು ಎತ್ತಿ ತೋರಿಸಿದ.

“ನೋಡ್ರಿ ಡಾಕ್ಟ್ರೇ. ಗೋಮಾಳದಾಗ ನೂರೆಂಟು ಕಳೆ. ಎಲ್ಲಾ ಕಿತ್ತು ಒಂದೇ ಜಾತಿ ಹುಲ್ಲು ಬೆಳಿತೀನಿ, ನನಗ ಗುತ್ತಿಗೆ ಕೊಡ್ರಿ ಅಂತ ಎರಡು ಸಲ ಕೇಳಿದೆ. ಊರು ಒಪ್ಪಲಿಲ್ಲ. ಈಗ ಅನುಭವಿಸ್ರಿ!”

“ಮೊದಲು ಅವರನ್ನ ಬಿಚ್ರಿ,” ಎಂದಳು ಗಂಗಾಂಬಿಕಾ.

ಯಾರೂ ಕದಲಲಿಲ್ಲ. ಆಗಷ್ಟೇ ಜೀಪಿನಿಂದ ಇಳಿದ ಎಸ್‌ಐ ಲಿಂಗರಾಜ್ ಮುಖ ಗಂಟಿಕ್ಕಿದ. “ನೀವು ದನ ನೋಡ್ರಿ ಮೇಡಂ. ಮಂದೀನ ನಾ ನೋಡ್ಕೊಂತೀನಿ.”

ತಾನೇ ಹಗ್ಗ ಬಿಚ್ಚಿ ಜಂಬಯ್ಯನನ್ನು ಜೀಪಿಗೆ ತಳ್ಳಿದ.

* * *

ಕೊಟ್ಟಿಗೆಯ ಹೊರಗೆ ಒಂದು ಮಣಕ ನಿಂತಿತ್ತು. ಇನ್ನೂ ಕರು ಹಾಕದ ಎಮ್ಮೆ. ಆರಾಮಾಗಿ ಮೆಲುಕು ಹಾಕುತ್ತಿತ್ತು.

“ಇದಕ್ಕೇನು ಹಾಕಿದ್ರಿ, ದ್ಯಾಮಕ್ಕ?”

“ಅದೇ ಹೊರೆ. ಇದಕ್ಕ ಇಡೀ ಹುಲ್ಲು. ಹಾಲು ಕೊಡೋವಕ್ಕ ಕತ್ತರಿಸಿದ್ದು.”

ಮಣಕದ ಮುಂದೆ ಎರಡು ಉಮ್ಮತ್ತಿ ದಂಟು ಹಾಗೇ ಬಿದ್ದಿದ್ದವು. ಅದು ಮೂಸಿ ಬಿಟ್ಟಿತ್ತು.

“ಕತ್ತರಿಸಿದ್ದು ಯಾರು?”

“ಶಂಭುಲಿಂಗಣ್ಣ. ತನ್ನ ಮಷಿನ್ನಾಗ. ಅವನೇ ಬಂದು ಹೊರೆ ಒಯ್ದ.”

ಗಂಗಾಂಬಿಕಾ ಸತ್ತ ಎಮ್ಮೆಯ ಹೊಟ್ಟೆ ಕೊಯ್ದಳು. ಉಮ್ಮತ್ತಿಯ ಒಂದು ಚೂರೂ ಇರಲಿಲ್ಲ. ಇದ್ದದ್ದು ಬೇರೆ ಎಲೆಯ ಚೂರುಗಳು. ದಪ್ಪ, ತೊಗಲಿನಂಥವು, ನಡುವೆ ಬಿಳಿ ನರ. ಎರಡೂ ತುದಿಯಲ್ಲಿ ಬ್ಲೇಡು ಕತ್ತರಿಸಿದ ನೇರ ಗುರುತು. ಕಣಗಿಲೆ. ಸ್ವಲ್ಪ ಹೊಟ್ಟೆಗೆ ಹೋದರೂ ಎಮ್ಮೆಯ ಗುಂಡಿಗೆ ನಿಲ್ಲುತ್ತದೆ.

ಅಲ್ಲಿಂದ ಗೋಮಾಳಕ್ಕೆ ನಡೆದಳು. ಬಿಸಿಲಲ್ಲಿ ಎರಡು ತಾಸು ಅಲೆದಳು. ಗರಿಕೆ, ಕಾಡುಹುರುಳಿ, ಹೆಸರು ಗೊತ್ತಿಲ್ಲದ ಹತ್ತಾರು ಹುಲ್ಲು. ಅಲ್ಲಲ್ಲಿ ಉಮ್ಮತ್ತಿ. ಕುರಿಗಳು ಅದರ ಬುಡದ ಸುತ್ತಲಿನ ಹುಲ್ಲೆಲ್ಲ ಮೇದು ಅದನ್ನೊಂದೇ ಬಿಟ್ಟಿದ್ದವು. ಕಣಗಿಲೆ ಎಲ್ಲೂ ಇರಲಿಲ್ಲ.

ಅದು ಸಿಕ್ಕಿದ್ದು ಹೆದ್ದಾರಿಯ ನಡುವಿನ ಗಿಡದ ಸಾಲಿನಲ್ಲಿ. ಮೂರು ಗಿಡಗಳ ಕೊಂಬೆಗಳನ್ನು ಯಾರೋ ನಿನ್ನೆಯೋ ಮೊನ್ನೆಯೋ ಕಡಿದಿದ್ದರು.

* * *

ಮಧ್ಯಾಹ್ನ ಅವಳು ಲಿಂಗರಾಜನನ್ನು ಕರೆದುಕೊಂಡು ಶಂಭುಲಿಂಗನ ಅಂಗಳಕ್ಕೆ ಬಂದಳು. ಕೈಯಲ್ಲಿ ಒಂದು ಬುಟ್ಟಿ. ಹಿಂದೆ ಅರ್ಧ ಊರು.

“ನೀವು ದ್ಯಾಮಕ್ಕಗ ಕತ್ತರಿಸಿ ಕೊಟ್ಟ ಮೇವು. ಉಮ್ಮತ್ತಿ ಏನಾದ್ರೂ ಇತ್ತೇನೋ ಅಂತ ಚೂರು ಚೂರು ಆರಿಸೀನಿ. ಈಗಿಲ್ಲ.”

ಬುಟ್ಟಿಯನ್ನು ಅವನ ಎಮ್ಮೆಯ ಮುಂದಿಟ್ಟಳು. ಎಮ್ಮೆ ಬಾಯಿ ಹಾಕಿತು.

“ಬ್ಯಾಡ!” ಶಂಭುಲಿಂಗ ಹಾರಿ ಬಂದು ಬುಟ್ಟಿಯನ್ನು ಒದ್ದ.

“ಯಾಕ? ವಿಷ ಉಮ್ಮತ್ತಿದು ಅಂದ್ರಿ. ಅದು ಇಲ್ಲ ಅಂದ್ಮ್ಯಾಲೂ ಯಾಕ ಹೆದರಿಕಿ?”

ಅವನು ಎಮ್ಮೆಯ ಹಗ್ಗ ಹಿಡಿದು ಹಿಂದಕ್ಕೆ ಎಳೆದ.

“ಇದು ನಿಮ್ಮ ಮೇವಲ್ಲ. ನಾನೇ ಈಗ ಕೊಯ್ದು ಚೂರು ಮಾಡಿ ತಂದ ಗರಿಕೆ,” ಎಂದಳು ಗಂಗಾಂಬಿಕಾ. “ದನ ಹುಲ್ಲಿನಾಗ ಬೇಕಾದ್ದು ತಿಂತದ, ಬ್ಯಾಡಾದ್ದು ಬಿಡ್ತದ. ಅದಕ್ಕ ಮಣಕ ಬದುಕೇತಿ. ಚೂರು ಮಾಡಿ ಬೆರೆಸಿದ್ರ ಆರಿಸಾಕ ಆಗಂಗಿಲ್ಲ. ನೀವು ಹೊರೆ ಜೋಡಿ ಕಣಗಿಲೆ ಕತ್ತರಿಸಿದ್ರಿ. ಎಮ್ಮಿ ಸತ್ರ ಊರು ಗೋಮಾಳಕ್ಕ ಹೆದರ್ತದ, ನಿಮಗ ಬಿಟ್ಟುಕೊಡ್ತದ ಅಂತ.”

ಲಿಂಗರಾಜ್ ಮಷಿನ್ನಿನ ಹಿಂದಿದ್ದ ಗೋಣಿಚೀಲ ಸುರುವಿದ. ಕಣಗಿಲೆಯ ಕೊಂಬೆಗಳು ಬಿದ್ದವು.

“ನಲವತ್ತು ಎಕರೆ ಸುಮ್ನ ಬಿದ್ದೈತಿ!” ಶಂಭುಲಿಂಗ ಚೀರಿದ. “ಒಬ್ಬ ಮುದುಕ ಹುಲ್ಲು ಕೊಯ್ಯಾಕ ಅಷ್ಟು ಭೂಮಿ ಬೇಕೇನ್ರಲೇ?”

ದ್ಯಾಮಕ್ಕ ಅವನ ಮುಖಕ್ಕೆ ಉಗುಳಿದಳು. ಜೀಪು ಅವನನ್ನು ಕೊಂಡೊಯ್ದಿತು.

* * *

ಸಂಜೆ ಜಂಬಯ್ಯ ಠಾಣೆಯಿಂದ ಹೊರಬಂದ. ದ್ಯಾಮಕ್ಕ ಗೇಟಿನ ಬಳಿ ನಿಂತಿದ್ದಳು.

“ತಪ್ಪಾತು ಜಂಬಣ್ಣ. ಮಣಕ ಬೆಳಿಗ್ಗಿಂದ ಉಪವಾಸ ಐತಿ.”

ಅವನು ಒಡೆದ ತುಟಿಯನ್ನು ಒರೆಸಿಕೊಂಡ.

“ನನ್ನ ಕುಡುಗೋಲು ನಿಮ್ಮ ಮಂದಿ ಕಸ್ಕೊಂಡಾರ. ತಂದು ಕೊಡು. ಮಣಕಕ್ಕ ಹುಲ್ಲು ತರ್ತೀನಿ. ನಿನ್ನ ಜೋಡಿ ಮಾತು ಇಲ್ಲ.”