ಶಿವಬಸಮ್ಮನ ಕರಿಜೇನು

"ಅಕ್ಕೋರೇ, ನೀವು ಬರಲಿಲ್ಲಂದ್ರ ನಮ್ಮಪ್ಪ ನನ್ನ ಹೆಂಡ್ತಿನ ಹಸಗೂಸಿನ ಜೋಡಿ ತವರಿಗಿ ಅಟ್ತಾನ!"

೧೯೫೧ರ ಪುಷ್ಯಮಾಸದ ಚಳಿ. ಬಳ್ಳಾರಿ ಕೋಟೆಗುಡ್ಡದ ಕೆಳಗಿನ ನಮ್ಮ ಮನೆಯ ಬಾಗಿಲಲ್ಲಿ ಕುರುಗೋಡಿನ ಉಜ್ಜಿನಪ್ಪ ನಿಂತಿದ್ದ. ನನ್ನ ದೊಡ್ಡಮ್ಮ ವಿರೂಪಮ್ಮ ಚಹಾ ಬಸಿಯಲ್ಲೇ ಬಿಟ್ಟು ಎದ್ದರು. ಸಾಲೆಯಿಂದ ನಿವೃತ್ತರಾದ ಮೇಲೂ ಊರವರ ಒಗಟುಗಳು ಅವರನ್ನು ಬಿಟ್ಟಿರಲಿಲ್ಲ. ಬಿ.ಎ. ಮುಗಿಸಿಯೂ ನಾಲ್ಕು ಜನರೆದುರು ಬಾಯಿ ಬಿಡದ ನಾನು ಅವರ ನೆರಳು.

ಬಸ್ಸಿನಲ್ಲಿ ಉಜ್ಜಿನಪ್ಪ ಎಲ್ಲ ಹೇಳಿದ. ಅವನ ತಾಯಿ ಶಿವಬಸಮ್ಮ ಸಾಯುವ ಮುನ್ನ ಸಂಡೂರು ಕಾಡಿನಿಂದ ಒಂದು ಭರಣಿ ಕರಿಜೇನು ತರಿಸಿ, ಮೊಮ್ಮಗುವಿನ ನಾಲಗೆಗೆಂದೇ ಮೀಸಲಿಟ್ಟಿದ್ದಳು. ಇಂದು ಬೆಳಿಗ್ಗೆ ಹೆಸರಿಡಲೆಂದು ಭರಣಿ ಬಿಚ್ಚಿದರೆ ಒಳಗೆ ಹಳದಿ ಜೇನು! ಅವನ ಹೆಂಡತಿ ಸಾವಂತ್ರಮ್ಮ ಬಾಣಂತನ ಮುಗಿಸಿ ಸಿರುಗುಪ್ಪದ ತವರಿನಿಂದ ನಿನ್ನೆಯಷ್ಟೇ ಬಂದಿದ್ದಳು. ಅವಳ ಗಂಟಿನಲ್ಲಿ ಹಳದಿ ಜೇನಿನ ಸೀಸೆಯಿತ್ತು. ಅವಳೇ ಬದಲಿಸಿದಳೆನ್ನಲು ಮಾವ ಕೊಟ್ಟೂರಪ್ಪನಿಗೆ ಅಷ್ಟೇ ಸಾಕಾಯಿತು.

ಕುರುಗೋಡಿನ ಪಡಸಾಲೆಯಲ್ಲಿ ಎಲ್ಲರೂ ಮುಖ ಗಂಟಿಕ್ಕಿ ಕೂತಿದ್ದರು. ತೊಟ್ಟಿಲ ಬಳಿ, ಬಳ್ಳಾರಿಗೆ ಮದುವೆ ಮಾಡಿಕೊಟ್ಟ ಕೊಟ್ಟೂರಪ್ಪನ ಮಗಳು ಎರ್ರಮ್ಮ. ಅವಳ ಮುಷ್ಟಿಯಲ್ಲಿ ಪುಟ್ಟ ಅತ್ತರಿನ ಸೀಸೆ. ಪಕ್ಕದಲ್ಲೇ ಕೂತರೂ ನನಗೆ ಅತ್ತರಿನ ವಾಸನೆ ಬರಲಿಲ್ಲ. ಬಂದದ್ದು ಸುಟ್ಟ ಬೆಲ್ಲದ ವಾಸನೆ. ದೊಡ್ಡಮ್ಮನ ಕಿವಿಯಲ್ಲಿ ಅಷ್ಟು ಉಸುರಿದೆ.

ದೊಡ್ಡಮ್ಮ ಭರಣಿಗೆ ಚಮಚ ಇಳಿಸಿದರು. ಇಳಿಯಲಿಲ್ಲ. ಜೇನು ರವೆಯಂತೆ ಹರಳುಗಟ್ಟಿತ್ತು. ಸಾವಂತ್ರಮ್ಮನ ಸೀಸೆ ಬಾಗಿಸಿದರೆ ಜೇನು ಸಲೀಸಾಗಿ ಹರಿಯಿತು.

"ತವರಿಗಿ ಯಾವಾಗ ಹೋದಿವ್ವಾ?"

"ದಸರಾ ಮುಂದ ಹೋಗೀನ್ರಿ."

"ಆಮ್ಯಾಲೆ ಉಗ್ರಾಣದ ಬೀಗದಕೈ?"

"ನನ್ನ ಹಂತೇಲಿತ್ರಿ," ಎಂದ ಕೊಟ್ಟೂರಪ್ಪ. "ದೀಪಾವಳಿಗಿ ಎರ್ರಮ್ಮ ಅಡಿಗಿ ಮಾಡಾಕ ಬಂದಿದ್ಲು. ಆಕಿಗೆ ಕೊಟ್ಟಿದ್ದೆ."

ದೊಡ್ಡಮ್ಮ ಎಲ್ಲರನ್ನೂ ಹತ್ತಿರ ಕರೆದರು.

"ಕರಿಜೇನು ಹೂವಿಂದಲ್ಲ. ಕಾಡಿನ ಮರದ ಎಲಿಮ್ಯಾಲೆ ಸಣ್ಣ ಹುಳ ಸಿಹಿ ಅಂಟು ಬಿಡ್ತಾವು. ಅದನ್ನ ಜೇನ್ನೊಣ ಹೀರಿ ಮಾಡಿದ್ದು. ಸಿಹಿ ಕಮ್ಮಿ, ವಾಸನಿ ಸುಟ್ಟ ಬೆಲ್ಲದ್ದು. ಚಳಿಗಿ ಸುಲಭಕ್ಕ ಹೆಪ್ಪಾಗೂದಿಲ್ಲ. ಹೂವಿನ ಜೇನು ಆಕ್ಕೈತಿ, ಆದ್ರ ಒಂದ ರಾತ್ರಿಗಲ್ಲ. ನಿನ್ನೆ ಈ ಸೀಸೆದಿಂದ ಸುರಿದಿದ್ರ ಭರಣ್ಯಾಗೂ ಹರೀತಿತ್ತು. ಇದು ಬೀಗದಕೈ ಕೈ ಬದಲಾದ ದೀಪಾವಳಿ ಹೊತ್ತಿಗೇ ಬಿದ್ದಿರಬೇಕು. ಆಗ ಸಾವಂತ್ರಮ್ಮ ಇಲ್ಲಿರಲಿಲ್ಲ. ಎರ್ರಮ್ಮಾ, ಆ ಸೀಸೆ ಬಿರಡಿ ತಗಿ."

ಸುಟ್ಟ ಬೆಲ್ಲದ ಕಂಪು ಪಡಸಾಲೆ ತುಂಬಿತು. ಎರ್ರಮ್ಮ ಅತ್ತಳು.

"ಅವ್ವ ರೊಟ್ಟಿಗಿ ಹಚ್ಚಿ ಕೊಡ್ತಿದ್ಲು. ಕೆಮ್ಮಿದ್ರ ಮೆಣಸಿನ ಪುಡಿ ಕಲಸಿ ನೆಕ್ಕಸ್ತಿದ್ಲು. ಕೊಟ್ಟ ಹೆಣ್ಣು ಸೊಸಿ ಕೂಸಿನ ಪಾಲಿಂದು ಕೇಳಬಾರದಲ್ಲಾ? ಕರಿಜೇನು ಬಸಕೊಂಡು, ಜೇನಿಗಿ ಜೇನು ಅಂತ ಪ್ಯಾಟಿಂದು ಸುರಿದೆ. ದಿನಾ ಬೆರಳ ತುದಿಯಷ್ಟ ನೆಕ್ಕೀನಿ. ಇಷ್ಟು ಕೂಸಿಗಂತ ತಂದೀನಿ, ಕದ್ದು ಹಚ್ಚಾಕ."

"ಬೆಳಿಗ್ಗೇನ ಬಾಯಿ ಬಿಟ್ಟಿದ್ರ ನನ್ನ ಮಾನ ಉಳೀತಿತ್ತಕ್ಕಾ," ಎಂದಳು ಸಾವಂತ್ರಮ್ಮ.

ಕೊಟ್ಟೂರಪ್ಪ ಸೊಸೆಯತ್ತ ತಿರುಗಿದ. "ತಪ್ಪಾತವ್ವ, ತಾಯಿ."

ಸಾವಂತ್ರಮ್ಮ ಕೂಸನ್ನು ಎತ್ತಿ ಎರ್ರಮ್ಮನ ಮಡಿಲಿಗಿಟ್ಟಳು. "ಹೆಸರಿಡಾಕಿ ಸೋದರತ್ತಿನ ಅಲ್ಲೇನು? ಹಚ್ಚು."

ಕೂಸು ಮುಖ ಹಿಂಡಿ, ಆಮೇಲೆ ಚಪ್ಪರಿಸಿತು. ಎರ್ರಮ್ಮ ಅದರ ಕಿವಿಯಲ್ಲಿ ಹೇಳಿದ ಹೆಸರು ನಮಗೆಲ್ಲ ಕೇಳಿಸಿತು: ಶಿವಬಸಮ್ಮ.

ಬೆರಳಲ್ಲುಳಿದ ಜೇನನ್ನು ಎರ್ರಮ್ಮ ತಂದೆಯ ತುಟಿಗೆ ಒರೆಸಿದಳು. ಮುದುಕ ಕಣ್ಣು ಮುಚ್ಚಿದ. ಬಹಳ ಹೊತ್ತು ತೆರೆಯಲಿಲ್ಲ.