ಇನ್ನೂ ಸ್ವಲ್ಪ ದೂರ

"ಇನ್ನೂ ಸ್ವಲ್ಪ ದೂರ ಹೋಗಿ," ಎಂದಿತು ಕಿವಿಗೆ ಹಿಡಿದ ಫೋನು.

ಸಿಂಚನಾ ಹಲ್ಲು ಕಚ್ಚಿಕೊಂಡು ಬದುವಿನ ಮೇಲೆ ನಡೆದಳು. ಎರಡೂ ಬದಿಗೆ ಸೊಂಟದೆತ್ತರದ ಸಾಸಿವೆ ಹೂ. ನಜಫ್‌ಗಢ ದಾಟಿದ ಮೇಲೆ ದೆಹಲಿ ಇದ್ದಕ್ಕಿದ್ದಂತೆ ಮುಗಿದು, ಫೆಬ್ರವರಿಯಲ್ಲಿ ಹೀಗೆ ಹಳದಿ ಶುರುವಾಗುತ್ತದೆ. ಇಳಿಬಿಸಿಲು ಬಿದ್ದು ಆ ಹಳದಿಗೆ ಈಗ ಹುಚ್ಚೇ ಹಿಡಿದಿತ್ತು. ಆಚೆಗೆ ಗೋಧಿಯ ಹಸಿರು, ಅದರಾಚೆ ಕೆಂಪು ಕಲ್ಲಿನ ದಿಬ್ಬ. ಕಣ್ಣಿಗೆ ಹಬ್ಬ ಅನ್ನುತ್ತಾರಲ್ಲ, ಅದೇ. ಹಬ್ಬದ ನಡುವೆ ನಡೆಯುತ್ತಿದ್ದವಳ ಕಣ್ಣು ಮಾತ್ರ ಮತ್ತೆ ಮತ್ತೆ ಇಳಿಯುತ್ತಿದ್ದ ಸೂರ್ಯನತ್ತಲೇ ಹೋಗುತ್ತಿತ್ತು.

ಫೋನಿನ ಆ ತುದಿಯಲ್ಲಿದ್ದವನು ಮಾಚಯ್ಯ. ವಿರಾಜಪೇಟೆಯ ಫೌಜಿ ಮನೆತನದಲ್ಲಿ ಬಂದೂಕು ಬಿಟ್ಟು ಕ್ಯಾಮೆರಾ ಹಿಡಿದ ಮೊದಲಿಗ. ವಾರವಿಡೀ ಓಖ್ಲಾದ ಗಾರ್ಮೆಂಟ್ ಕಂಪನಿಯೊಂದರಲ್ಲಿ ಬಿಳಿ ಪರದೆಯ ಮುಂದೆ ಕುರ್ತಾಗಳ ಫೋಟೊ ತೆಗೆದು ತೆಗೆದು, ರಜೆ ಬಂದರೆ ಬಣ್ಣಕ್ಕೆ ಹಸಿದವನಂತೆ ಊರಾಚೆ ಓಡುತ್ತಿದ್ದ. ದೆಹಲಿಯ ಕನ್ನಡಿಗರ ಫೋಟೊ ಗುಂಪಿನಲ್ಲಿ ಇಬ್ಬರಿಗೂ ಪರಿಚಯ. ಚಳಿ ಶುರುವಾದ ಮೇಲೆ ಗುಂಪಿನವರು ಒಬ್ಬೊಬ್ಬರಾಗಿ ರಜಾಯಿಯೊಳಗೆ ಸೇರಿಕೊಂಡರು. ಇವರಿಬ್ಬರು ಮಾತ್ರ ಉಳಿದರು.

ಹೊಲವೋ ಬೆಟ್ಟವೋ ಎಷ್ಟು ದೊಡ್ಡದು ಎಂದು ಫೋಟೊದಲ್ಲಿ ತಿಳಿಯಲು ದೂರದಲ್ಲಿ ಒಬ್ಬ ಮನುಷ್ಯ ಬೇಕಂತೆ. ಅದಕ್ಕೆ ಸ್ಕೇಲ್ ಎಂದು ಹೆಸರು. ಮಾಚಯ್ಯನ ಸ್ಕೇಲ್ ಸಿಂಚನಾ. ಚಳಿಗಾಲವಿಡೀ ಅವಳು ಅವನ ಫೋಟೊಗಳಲ್ಲಿ ಒಂದು ಕಾಳಿನಷ್ಟಾಗಿ ನಿಂತಿದ್ದಳು. ಲೋಕದ ಹುಡುಗರೆಲ್ಲ ಹತ್ತಿರ ಬಾ ಅಂದರೆ ಇವನು ದೂರ ಹೋಗಿ ಅನ್ನುವವನು. ಊರಿಗೆಲ್ಲ ಒಂದು ದಾರಿಯಾದರೆ ಈ ಪುಣ್ಯಾತ್ಮನಿಗೇ ಒಂದು ದಾರಿ.

ಅವಳಿಗೆ ಅವನು ಇಷ್ಟ. ಸುತ್ತಿ ಬಳಸುವುದೇಕೆ, ತುಂಬಾ ಇಷ್ಟ. ಬೈಕಿನ ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕರೆ ಅವನ ನೋಟ ಸರಕ್ಕನೆ ರಸ್ತೆಗೆ ಓಡುವುದನ್ನು ಅವಳು ನೋಡಿದ್ದಳು. ಢಾಬಾದ ಭಯ್ಯಾ ತಂದಿಟ್ಟ ಚಹಾದಲ್ಲಿ ಹೆಚ್ಚು ತುಂಬಿದ ಗ್ಲಾಸನ್ನೇ ಅವನು ಅವಳತ್ತ ತಳ್ಳುವುದನ್ನೂ ಕಂಡಿದ್ದಳು. ಆದರೆ ಬಾಯಿಂದ ಒಂದು ಮಾತು? ಊಹೂಂ.

ನಾಳೆ ಆರ್.ಕೆ.ಪುರಂನ ಅವಳ ಮನೆಗೆ ಪೀತಮ್‌ಪುರದಿಂದ ಹುಡುಗನ ಕಡೆಯವರು ಬರುವವರಿದ್ದರು. ಒಳ್ಳೆಯ ಮನೆತನ, ಒಳ್ಳೆಯ ಕೆಲಸ. ಬೇಡ ಅನ್ನಲು ಒಂದು ನೆಪವೂ ಸಿಗದಿದ್ದುದೇ ದೊಡ್ಡ ತೊಂದರೆ. ಬರಹೇಳಲೋ ಬೇಡವೋ ಸಂಜೆಯೊಳಗೆ ತಿಳಿಸು, ಜನರನ್ನು ಕರೆಸಿ ಆಮೇಲೆ ಮುಖ ತಿರುಗಿಸಬೇಡ ಎಂದು ತಾಯಿ ರತ್ನಮ್ಮ ಖಡಾಖಂಡಿತವಾಗಿ ಹೇಳಿದ್ದರು. ಸಿಂಚನಾ ಮನಸ್ಸಿನಲ್ಲೇ ಗಡುವು ಹಾಕಿಕೊಂಡಿದ್ದಳು. ಈ ಬಿಸಿಲು ಆರುವುದರೊಳಗೆ ಅವನು ಬಾಯಿ ಬಿಟ್ಟರೆ ಸರಿ, ಇಲ್ಲವಾದರೆ ಅವರು ಬರಲಿ. ಗಡುವಿನ ಸುದ್ದಿ ಅವನಿಗೇ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು.

"ಅಲ್ಲೇ ನಿಲ್ಲಿ. ಮೋಡ ಸರೀತಿದೆ, ಲೈಟ್ ಬಂದೇಬಿಡ್ತು." ಸಂಭ್ರಮಕ್ಕೆ ಅವನ ಧ್ವನಿ ನಡುಗುತ್ತಿತ್ತು.

ಬಂದೇಬಿಟ್ಟಿತು. ಮೋಡದಂಚಿನಿಂದ ಜಾರಿದ ಬಿಸಿಲು ಹೊಲದುದ್ದಕ್ಕೂ ಹರಿದು, ಸಾಸಿವೆ ಬಂಗಾರವಾಯಿತು, ದಿಬ್ಬ ಕೆಂಡವಾಯಿತು. ಸಿಂಚನಾ ತಿರುಗಿ ನೋಡಿದಳು. ಟ್ರೈಪಾಡಿನ ಹಿಂದೆ ಅವನು ಹೆಬ್ಬೆರಳಿನಷ್ಟು ಕಂಡ. ಇಷ್ಟು ಚೆಂದದ ಸಂಜೆಯಲ್ಲಿ ಇಷ್ಟು ದೂರ ನಿಂತು ಸಾಯಬೇಕೇ ಎನ್ನಿಸಿ ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು.

"ಮುಂದಿನ ವಾರಕ್ಕೆ ಬೇರೆ ಸ್ಕೇಲ್ ಹುಡುಕ್ಕೊಳ್ಳಿ," ಎಂದಳು.

"ಯಾಕೆ?"

"ನಾಳೆ ನನ್ನನ್ನ ನೋಡೋಕೆ ಹುಡುಗನ ಕಡೆಯವರು ಬರ್ತಿದ್ದಾರೆ. ದೂರ ಹೋಗಿ, ದೂರ ಹೋಗಿ ಅಂತಿದ್ರಲ್ಲ. ಚಲೋ, ಹೋಗ್ತಿದೀನಿ."

ಪ್ರತಿ ಸಲ ಫೋನಿನಲ್ಲಿ ಕೇಳಿಸುತ್ತಿದ್ದ ಕ್ಯಾಮೆರಾದ ಕ್ಲಿಕ್ ಸದ್ದು ಈ ಸಲ ಬರಲಿಲ್ಲ. ವರ್ಷಕ್ಕೊಮ್ಮೆ ಸಿಗುವಂಥ ಬೆಳಕು ಹೊಲದ ಮೇಲೆ ಸುಮ್ಮನೆ ಸುರಿದುಹೋಗುತ್ತಿತ್ತು.

"ಒಂದು ಮಾತು ಹೇಳ್ತೀನಿ, ಅಲ್ಲಿಂದಲೇ ಕೇಳಿ," ಎಂದ ಕೊನೆಗೆ. "ಸ್ಕೇಲ್‌ಗೆ ಒಂದು ಮರ ಇದ್ರೂ ಸಾಕಿತ್ತು. ನೀವು ಹತ್ತಿರ ನಿಂತ್ರೆ ನನಗೆ ಹೊಲ ಕಾಣಲ್ಲ, ಲೈಟ್ ಕಾಣಲ್ಲ, ಫೋಕಸ್ ಎಲ್ಲಿಡಬೇಕು ಅನ್ನೋದೇ ಮರೆತುಹೋಗುತ್ತೆ. ಅದಕ್ಕೇ ದೂರ ಕಳಿಸ್ತಿದ್ದೆ."

ಸಿಂಚನಾಳ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಅದು ಫೋನಿನಲ್ಲಿ ಅವನಿಗೂ ಕೇಳಿಸೀತೆಂದು ನಾಚಿದಳು.

"ಇಷ್ಟು ಹೇಳೋಕೆ ಒಂದು ಇಡೀ ಚಳಿಗಾಲ ಬೇಕಾಯ್ತಾ?"

"ಎದುರಿಗೆ ನಿಂತ್ರೆ ಮಾತು ಹೊರಡ್ತಿರಲಿಲ್ಲ. ಸಿಂಚನಾ, ಅವರು ಬರೋದು ಬೇಡ. ನಾನು ಬರ್ತೀನಿ."

ಹೇಳಿದವನು ಹೊರಟೇಬಿಟ್ಟ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟು ಬದುವಿನ ಮೇಲೆ ಓಡಿದ. ನಡುವೆ ನೀರಿನ ಕಾಲುವೆ ಇರುವುದನ್ನು ಮರೆತು ಮೊಣಕಾಲುದ್ದ ಕೆಸರಿಗೆ ಇಳಿದ, ಹೂಗಳ ಮೇಲೆ ಮುಗ್ಗರಿಸಿ ಬಿದ್ದ, ಎದ್ದ, ಮತ್ತೆ ಓಡಿದ. ಹೆಬ್ಬೆರಳಿನಷ್ಟಿದ್ದವನು ಆಳೆತ್ತರವಾಗಿ ಮುಂದೆ ನಿಂತಾಗ ಹುಬ್ಬಿನವರೆಗೂ ಸಾಸಿವೆಯ ಹಳದಿ ಪುಡಿ. ಸಿಂಚನಾ ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ, ದುಪಟ್ಟಾದ ಅಂಚಿನಿಂದ ಅವನ ಹುಬ್ಬು ಒರೆಸಿದಳು. ಈ ಸಲ ಅವನ ನೋಟ ಎಲ್ಲಿಗೂ ಓಡಲಿಲ್ಲ. ಅವಳದೇ ತಗ್ಗಿತು.

"ಲೈಟ್ ಹೋಗ್ತಿದೆ," ಎಂದಳು ಮೆಲ್ಲಗೆ.

"ಹೋಗ್ಲಿ. ಅದು ನಾಳೆನೂ ಬರುತ್ತೆ."

ಅವನ ಕೈ ಹಿಡಿದುಕೊಂಡೇ ಅವಳು ಮನೆಗೆ ಫೋನ್ ಮಾಡಿದಳು. ಪೀತಮ್‌ಪುರದವರು ಬೇಡವೆಂದೂ ತಾನೇ ಒಬ್ಬರನ್ನು ಈಗ ಕರೆತರುತ್ತಿರುವೆನೆಂದೂ ಒಂದೇ ಉಸಿರಿಗೆ ಹೇಳಿದಳು. ರತ್ನಮ್ಮ ಹೆಸರು ಕೇಳಿದರು, ಕೆಲಸ ಕೇಳಿದರು, ಊರು ಕೇಳಿದರು. ಕೊಡಗು ಎಂದಾಗ, ಅಲ್ಲಿ ಮಾಂಸವಿಲ್ಲದೆ ಊಟವೇ ಇಲ್ಲವಂತಲ್ಲ ಎಂದು ರಾಗ ಎಳೆದರು. ಮಾಚಯ್ಯ ಬಗ್ಗಿ ಫೋನಿನ ಹತ್ತಿರ ಕಿವಿ ತಂದ.

"ನಮ್ಮನೇಲಿ ಬರೀ ಸೊಪ್ಪಿನ ಸಾರು," ಎಂದರು ರತ್ನಮ್ಮ. "ನಡೆಯುತ್ತಾ ಅಂತ ಕೇಳು."

ಅವಳು ಕೇಳುವ ಮೊದಲೇ ಮಾಚಯ್ಯ ಜೋರಾಗಿ ತಲೆಯಾಡಿಸಿದ.

"ನಡೆಯುತ್ತಂತೆ ಅಮ್ಮ."

"ನಿಮ್ಮಪ್ಪನಿಗೆ ನಾನು ಹೇಳ್ಕೋತೀನಿ. ಅಕ್ಕಿ ಒಂದು ಪಾವು ಜಾಸ್ತಿ ಹಾಕ್ತೀನಿ. ಕತ್ತಲಾಗೋದ್ರೊಳಗೆ ಬನ್ನಿ."